ಕ್ಯಾನ್ಸರ್ ಕೋಶದ ದುರಸ್ತಿಗೆ ತಡೆಯೊಡ್ಡುವ ಪೆಪ್ಟೈಡ್: ರೂಪಿಸುವುದು ಹೇಗೆ?

ವಿಕಿರಣ ಚಿಕಿತ್ಸೆ ಮತ್ತು ಕೆಲವು ಕಿಮೊ ಔಷಧಗಳು ಸ್ತನ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನೇ ತುಂಡರಿಸುತ್ತವೆ. ಕೋಶವೂ ಸುಮ್ಮನಿರುವುದಿಲ್ಲ. ರಾಡ್51 ಎಂಬ ಪ್ರೋಟೀನಿನ ಅಣುಗಳು ತುಂಡಾದ ಎಳೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಸಾಲುಗಟ್ಟುತ್ತವೆ, ಹಾಳಾಗದ ಇನ್ನೊಂದು ಪ್ರತಿಯನ್ನು ಹುಡುಕಿ ಅದರಂತೆಯೇ ದುರಸ್ತಿಗೆ ದಾರಿ ಮಾಡಿಕೊಡುತ್ತವೆ. ಈ ಸಾಲು ಕಟ್ಟದಂತೆ ತಡೆಯುವುದೇ ನಮ್ಮ ಪೆಪ್ಟೈಡ್‌ನ, ಅಂದರೆ ಅಮೈನೊ ಆಮ್ಲಗಳ ಚಿಕ್ಕ ಸರಪಳಿಯ, ಕೆಲಸ.

ಮಾದರಿ ಹುಡುಕಿ. ಸೊನ್ನೆಯಿಂದ ಶುರುಮಾಡಬೇಕಿಲ್ಲ. ರಾಡ್51 ಅನ್ನು ತುಂಡಾದ ಡಿಎನ್‌ಎ ಬಳಿಗೆ ತರುವ ಬಿಆರ್‌ಸಿಎ2 ಪ್ರೋಟೀನಿನಲ್ಲಿ ಸುಮಾರು 35 ಅಮೈನೊ ಆಮ್ಲಗಳ ಎಂಟು ತುಣುಕುಗಳಿವೆ. ನಾಲ್ಕನೆಯದು ರಾಡ್51 ಅನ್ನು ಬಿಗಿಯಾಗಿ ಹಿಡಿಯುತ್ತದೆ. ಇವೆರಡೂ ಅಂಟಿಕೊಂಡ ರಚನೆ 2002ರಲ್ಲೇ ಪ್ರಕಟವಾಗಿದೆ. ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡಿ: ಬಿಆರ್‌ಸಿಎ2ರ 1524ನೇ ಸ್ಥಾನದ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲದ ಉಂಗುರ ರಾಡ್51ರ ಮೈಮೇಲಿನ ಒಂದು ಗುಳಿಯೊಳಗೆ ಇಳಿದಿದೆ, 1527ರ ಅಲನಿನ್ ಪಕ್ಕದ ಸಣ್ಣ ಗುಳಿಯಲ್ಲಿದೆ. ರಾಡ್51 ಅಣುಗಳು ಪರಸ್ಪರ ಹಿಡಿದುಕೊಳ್ಳುವುದೂ ಇಂಥದೇ ಜೋಡಿಯಿಂದ, ಇದೇ ಗುಳಿಗಳಲ್ಲಿ. ಆ ಜಾಗವನ್ನು ಪೆಪ್ಟೈಡ್ ಮೊದಲೇ ಹಿಡಿದುಬಿಟ್ಟರೆ ಸಾಲು ಬೆಳೆಯುವುದಿಲ್ಲ.

ಮಾರ್ಪಡಿಸಿ. ಸಹಜ ಪೆಪ್ಟೈಡ್ ಅನ್ನು ಹಾಗೇ ಕೊಟ್ಟರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಬೇಗನೆ ಮುಗಿಸಿಬಿಡುತ್ತವೆ. ತುದಿಗಳನ್ನು ರಾಸಾಯನಿಕವಾಗಿ ಮುಚ್ಚುವುದು, ಕೆಲವೆಡೆ ಕನ್ನಡಿ ಬಿಂಬದಂಥ ಡಿ ಅಮೈನೊ ಆಮ್ಲ ಹಾಕುವುದು ಒಂದು ದಾರಿ. ಸುರುಳಿಯಾಗಿ ಸುತ್ತಿಕೊಳ್ಳುವ ಭಾಗದಲ್ಲಿ ನಾಲ್ಕು ಸ್ಥಾನಗಳ ಅಂತರದ ಎರಡು ಪಾರ್ಶ್ವ ಸರಪಳಿಗಳನ್ನು ಹೈಡ್ರೋಕಾರ್ಬನ್ ಸೇತುವೆಯಿಂದ ಬಿಗಿಯುವುದು ಇನ್ನೊಂದು. ಸೇತುವೆ ಯಾವಾಗಲೂ ಹೊರಮೈಯಲ್ಲಿರಲಿ. ಗುಳಿಗಿಳಿಯುವ ಜೋಡಿಯನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬಾರಿಯೂ ಹಿಡಿತವನ್ನು ಅಳೆಯಿರಿ.

ತಯಾರಿಸಿ. ಮೆರಿಫೀಲ್ಡ್ 1963ರಲ್ಲಿ ತೋರಿಸಿಕೊಟ್ಟ, ಘನ ಮಣಿಗಳ ಮೇಲೆ ಒಂದೊಂದೇ ಅಮೈನೊ ಆಮ್ಲ ಜೋಡಿಸುವ ವಿಧಾನವೇ ಇಂದಿಗೂ ಆಧಾರ. ಶುದ್ಧೀಕರಿಸಿ, ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಕೋಶದಲ್ಲಿ ಪರೀಕ್ಷಿಸಿ. ಪೆಪ್ಟೈಡ್ ಒಳಹೋಗಲೆಂದು ಆರ್ಜಿನಿನ್‌ಗಳ ಬಾಲ ಸೇರಿಸುವುದುಂಟು. ಆದರೆ ಅದರ ಧನ ವಿದ್ಯುದಂಶವೇ ಕೋಶದ ಪೊರೆಗೆ ಹಾನಿ ಮಾಡಬಹುದು. ಕೋಶ ಸತ್ತಿತೆಂದು ಹಿಗ್ಗುವ ಮೊದಲು, ಬಾಲ ಹಾಗೇ ಇದ್ದು ಆ ಫಿನೈಲ್‌ಅಲನಿನ್ ಬದಲು ಗ್ಲುಟಾಮಿಕ್ ಆಮ್ಲವಿರುವ, ಹಾಗಾಗಿ ರಾಡ್51 ಅನ್ನು ಸರಿಯಾಗಿ ಹಿಡಿಯಲಾರದ ಜೋಡಿ ಪೆಪ್ಟೈಡ್ ಅನ್ನೂ ಪ್ರಯೋಗಿಸಲೇಬೇಕು. ಅದೂ ಅಷ್ಟೇ ಕೋಶಗಳನ್ನು ಕೊಂದರೆ ಕಾರಣ ರಾಡ್51 ತಡೆಯಲ್ಲ. ಕೆಲಸ ಸರಿಯಾಗಿದ್ದರೆ, ವಿಕಿರಣ ತಾಗಿದ ಕೋಶಕೇಂದ್ರದಲ್ಲಿ ಸೂಕ್ಷ್ಮದರ್ಶಕಕ್ಕೆ ಚುಕ್ಕೆಚುಕ್ಕೆಯಾಗಿ ಕಾಣುವ ರಾಡ್51 ಕಡಿಮೆಯಾಗುತ್ತದೆ, ಡಿಎನ್‌ಎ ಹಾನಿಯ ಗುರುತುಗಳು ಹೆಚ್ಚು ಹೊತ್ತು ಉಳಿಯುತ್ತವೆ.

ಬಿಆರ್‌ಸಿಎ ದೋಷವಿರುವ ಗೆಡ್ಡೆಗಳಲ್ಲಿ ಈ ದುರಸ್ತಿ ಮೊದಲೇ ಸೊರಗಿರುತ್ತದೆ, ಡಿಎನ್‌ಎ ದುರಸ್ತಿಯ ಇನ್ನೊಂದು ದಾರಿಯನ್ನು ತಡೆಯುವ ಓಲಾಪರಿಬ್‌ನಂಥ ಔಷಧ ಅಲ್ಲಿ ಫಲಿಸುವುದು ಅದಕ್ಕೇ. ದುರಸ್ತಿ ಸರಿಯಿರುವ ಗೆಡ್ಡೆಗಳಲ್ಲಿ ಪೆಪ್ಟೈಡ್ ಜೊತೆಗೆ ಅದೇ ಔಷಧ ಕೊಟ್ಟು ನೋಡುವುದು ಮುಂದಿನ ಹೆಜ್ಜೆ. ವಿಭಜಿಸುವ ಆರೋಗ್ಯವಂತ ಕೋಶಗಳಿಗೂ ರಾಡ್51 ಬೇಕೇ ಬೇಕು. ಹಾಗಾಗಿ ಕ್ಯಾನ್ಸರ್ ಅಲ್ಲದ ಸ್ತನಕೋಶಗಳನ್ನು ಪ್ರತಿ ಪ್ರಯೋಗದಲ್ಲೂ ಪಕ್ಕದಲ್ಲಿಟ್ಟು, ಅವು ತಾಳಿಕೊಳ್ಳುವ ಪ್ರಮಾಣದೊಳಗೇ ಪೆಪ್ಟೈಡ್ ಫಲ ಕೊಡುತ್ತದೆಯೇ ಎಂದು ನೋಡಬೇಕು.