ಕಿತ್ತಳೆ ಪುಡಿ ಕಾಣುವ ಮೊದಲೇ ತುಕ್ಕು ಪತ್ತೆ: ನನ್ನ ಅನುಭವ

ಎಲೆ ಕೀಳದೆ, ಲ್ಯಾಬಿಗೆ ಕಳಿಸದೆ, ಗಿಡದಲ್ಲಿರುವಾಗಲೇ ಕಾಫಿ ಎಲೆಯ ತುಕ್ಕು ರೋಗ ಹಿಡಿಯಬಹುದು ಅಂದಾಗ ನಮ್ಮ ಸೋಮವಾರಪೇಟೆ ಕಡೆ ಬಹಳ ಜನ ನಕ್ಕಿದ್ದರು. ಈ ಸಲ ಎಸ್.795 ಎಂಬ ಅರೇಬಿಕಾ ತಳಿಯ ಬ್ಲಾಕಿನಲ್ಲಿ ಔಷಧಿ ಹೊಡೆಯದೆ ಬಿಟ್ಟ ಸಾಲಿನಲ್ಲಿ, ನಾನೇ ಜೋಡಿಸಿದ ಕ್ಯಾಮೆರಾ ಡಬ್ಬ ರೋಗ ಇದೆ ಎಂದು ತೋರಿಸಿದ ಎಲೆಗಳಿಗೆ ದಾರ ಕಟ್ಟಿದ್ದೆ. ವಾರ ಹತ್ತು ದಿನದಲ್ಲಿ ಹತ್ತಕ್ಕೆ ಏಳೆಂಟರ ಅಡಿಯಲ್ಲಿ ಕಿತ್ತಳೆ ಪುಡಿ ಎದ್ದಿತು.

ಮೊದಲು ದುಡ್ಡು ಹೋದದ್ದು ಥರ್ಮಲ್ ಕ್ಯಾಮೆರಾಕ್ಕೆ. ಮೊಬೈಲಿಗೆ ಸಿಕ್ಕಿಸುವಂಥದ್ದು, ಇಪ್ಪತ್ತು ಸಾವಿರದ ಮೇಲೆ. ನೆರಳಿನ ತೋಟದಲ್ಲಿ ಅದು ದಂಡ. ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ಬಿದ್ದಲ್ಲೆಲ್ಲ ಮಚ್ಚೆ, ಗಾಳಿ ಬೀಸಿದರೆ ಚಿತ್ರವೇ ಬೇರೆ. ಮೊಬೈಲ್ ಆ್ಯಪ್‌ಗಳು ಹೇಳುವುದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಕಣ್ಣಿಗೂ ಕಾಣುವ ಹಳದಿ ಚುಕ್ಕೆಯನ್ನೇ.

ಕೈ ಹಿಡಿದದ್ದು ನೀಲಿ ಬೆಳಕು. ಪತ್ರಹರಿತ್ತು 450 ನ್ಯಾನೊಮೀಟರ್ ನೀಲಿ ಹೀರಿ 685ರ ಸುತ್ತ ಮಂದ ಕೆಂಪು ಬಿಡುತ್ತದೆ ಅಲ್ವಾ, ಅದನ್ನೇ ಹಿಡಿಯುವುದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಐಆರ್ (ಅವಗೆಂಪು) ತಡೆಯುವ ಫಿಲ್ಟರ್ ಇಲ್ಲದ ಕ್ಯಾಮೆರಾ, ಎಲ್‌ಇಡಿ, ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹನ್ನೆರಡು ಸಾವಿರದ ಆಸುಪಾಸು. ಕ್ಯಾಮೆರಾದ ಮುಂದೆ ನೀಲಿ ತಡೆದು ಕೆಂಪು ಮಾತ್ರ ಬಿಡುವ ಫಿಲ್ಟರ್ ಬೇಕು. ಅದಕ್ಕೆ ಅಗ್ಗದ ಕೆಂಪು ಜಿಲೇಟಿನ್ ಹಾಳೆ ಕೆಲಸಕ್ಕೆ ಬರಲಿಲ್ಲ, ನೀಲಿ ಸೋರುತ್ತದೆ. ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿ, ಫಿಲ್ಟರಿನಲ್ಲಿ ಬೇಡ.

ನೀಲಿ ಬೆಳಕು ಬಿಡುವ ಮೊದಲು ಎಲೆ ಅರ್ಧ ಗಂಟೆ ಕತ್ತಲಲ್ಲಿರಬೇಕು. ರಾತ್ರಿ ಹೋದರೆ ಕತ್ತಲು ಪುಕ್ಕಟೆ. ಆದರೆ ತೋಟದೊಳಗೇ ಆನೆ ಮಲಗುವ ಊರಲ್ಲಿ ಆ ಹುಚ್ಚು ಯಾರಿಗೆ ಬೇಕು? ಹಳೇ ಕೊಡೆ ಬಟ್ಟೆ ಎರಡು ಪದರ ಮಾಡಿ ಚೀಲ ಹೊಲಿಸಿದೆ. ಎಲೆ ಅದರೊಳಗೆ ಇರುವಂತೆ ರೆಂಬೆಗೆ ಕ್ಲಿಪ್ ಹಾಕಿ ಮುಂದಿನ ಗಿಡಕ್ಕೆ ಹೋಗುವುದು.

ಬೆಳಕು ಹೊತ್ತಿದ ಕೂಡಲೇ ಎಲೆ ಧಗ್ಗನೆ ಬೆಳಗಿ ಮಂಕಾಗುತ್ತಾ ಬರುತ್ತದೆ. ಶಿಲೀಂಧ್ರ ಹೊಕ್ಕ ಜಾಗ ಹಾಗೆ ಮಾಡುವುದಿಲ್ಲ. ಹೊಳಪಿನ ಫ್ರೇಮನ್ನು ಮಂಕಾದ ಫ್ರೇಮಿನಿಂದ ಭಾಗಿಸಿದರೆ ಸಾಸಿವೆಯಷ್ಟು ಮಚ್ಚೆ ಎದ್ದು ಕಾಣುತ್ತದೆ. ಬರಿಗಣ್ಣಿಗೆ ಎಲೆ ಹಚ್ಚ ಹಸಿರು! ಎಷ್ಟನೇ ಸೆಕೆಂಡಿನ ಫ್ರೇಮು ಅಂತ ಮಾತ್ರ ಕೇಳಬೇಡಿ.

ನಡುವೆ ಸುಮ್ನೆ ಕಾಳುಮೆಣಸಿಗೂ ಹಿಡಿದು ನೋಡಿದೆ. ಸೊರಗು ರೋಗ ಬೇರಿನಲ್ಲಿ ಶುರುವಾಗಿ ಎಲೆ ಇಡೀ ಮಂಕಾಗುತ್ತದೆ, ನೀರಿಲ್ಲದ ಬಳ್ಳಿಯೂ ಹಾಗೇ ಕಾಣುತ್ತದೆ. ಕೈಬಿಟ್ಟೆ.

ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ರೋಗ ಬಾರದಂತೆ ತಡೆಯುವ ಔಷಧಿ. ರೋಗ ಒಳಹೊಕ್ಕ ಮೇಲೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಮಚ್ಚೆ ಜಾಸ್ತಿ ಸಿಕ್ಕ ತೋಡಿನ ಪಕ್ಕದ ಎರಡು ಎಕರೆಗೆ ಮಾತ್ರ ಎಲೆಯೊಳಗೆ ಇಳಿದು ಕೆಲಸ ಮಾಡುವ ಹೆಕ್ಸಕೊನಜೋಲ್ ಹೊಡೆಸಿದೆ. ಇಡೀ ತೋಟಕ್ಕೆ ಹೊಡೆಸುವ ಆಳು, ಔಷಧಿ ಉಳಿದು ಡಬ್ಬದ ಅರ್ಧ ಖರ್ಚು ಹುಟ್ಟಿತು. ದಾರ ಕಟ್ಟಿದರಲ್ಲಿ ಸುಳ್ಳಾದ ಎರಡು ಮೂರು ಹೆಚ್ಚಾಗಿ ಕಂದು ಕಣ್ಣು ಚುಕ್ಕೆಯವು. ಅದೂ ರೋಗವೇ ತಾನೇ, ಅದು ಹರಡದಂತೆ ತಡೆಯಲು ಬೋರ್ಡೋ ಸಾಕು.