ದೆವ್ವ ರಾಕೆಟ್ ಹತ್ತಿದ್ರೆ ರಿವ್ಯೂ ಬರೆಯೋದು ಹೇಗೆ?

ಸೈ-ಫೈ (ವಿಜ್ಞಾನದ ಕಲ್ಪನೆ ಕಥೆ), ಫ್ಯಾಂಟಸಿ (ಮಾಯಮಂತ್ರದ ಕಥೆ) ಎರಡೂ ಬೆರೆತಿರೋ ಸಣ್ಣಕಥೆಗೆ ರಿವ್ಯೂ ಬರೀವಾಗ ಇದು ಯಾವ ಜಾತಿ ಕಥೆ ಅಂತ ತೀರ್ಮಾನ ಮಾಡೋದ್ರಲ್ಲೇ ಅರ್ಧ ಪುಟ ಖಾಲಿ ಆಗ್ಬಿಡತ್ತೆ. ನಾನೂ ಮಾಡಿದೀನಿ, ಒಂದ್ಸಲ ಒಂದು ಕಥೇಲಿ ದೆವ್ವ ರಾಕೆಟ್ ಹತ್ತಿತು ಅಂತ ಸಿಟ್ಟಾಗಿ ‘ವಿಜ್ಞಾನ ತಪ್ಪು’ ಅಂತ ಗೀಚಿದ್ದೆ, ಆಮೇಲೆ ಮತ್ತೆ ಓದಿದ್ರೆ ವಿಜ್ಞಾನ ಹೇಳ್ತೀನಿ ಅಂತ ಆ ಕಥೆ ಎಲ್ಲೂ ಮಾತೇ ಕೊಟ್ಟಿರ್ಲಿಲ್ಲ.

ಮೊದ್ಲು ಹುಡುಕಬೇಕಾದ್ದು ಅದನ್ನೇ, ಕಥೆ ಏನಂತ ಮಾತು ಕೊಟ್ಟಿದೆ ಅಂತ. ಅಮೆರಿಕದ ಸೈ-ಫೈ ಲೇಖಕ ಟೆಡ್ ಚಿಯಾಂಗ್ ಅವರ, 1990ರಲ್ಲಿ ಬಂದ ‘ಟವರ್ ಆಫ್ ಬ್ಯಾಬಿಲಾನ್’ ತಗೊಳ್ಳಿ, ಸೈ-ಫೈ, ಫ್ಯಾಂಟಸಿ ಬರಹಗಾರರ ಸಂಘ ಕೊಡೋ ನೆಬ್ಯುಲಾ ಪ್ರಶಸ್ತಿ ಬಂದಿರೋ ಕಥೆ. ಅದ್ರಲ್ಲಿ ಆಕಾಶ ಅನ್ನೋದು ಕಲ್ಲಿನ ಚಾವಣಿ, ಅದನ್ನ ಮುಟ್ಟೋವರೆಗೂ ಜನ ಇಟ್ಟಿಗೆ ಗೋಪುರ ಕಟ್ಟಿರ್ತಾರೆ, ಆ ಚಾವಣಿ ಕೊರೆಯೋಕೆ ಏಲಂ ಅನ್ನೋ ನಾಡಿಂದ ಗಣಿ ಕೆಲಸದವ್ರು ಬರ್ತಾರೆ. ಇಷ್ಟು ಕೇಳಿದ್ರೆ ಪಕ್ಕಾ ಪುರಾಣ. ಆದ್ರೆ ಒಂದು ಇಟ್ಟಿಗೆ ಬುಡದಿಂದ ತುದಿಗೆ ಹೋಗೋಕೆ ನಾಲ್ಕು ತಿಂಗಳು, ಜನ ಗೋಪುರದಲ್ಲೇ ಸಂಸಾರ ಹೂಡಿ ತರಕಾರಿ ಬೆಳ್ಕೊಂಡಿರ್ತಾರೆ, ಸೂರ್ಯನ್ನ ದಾಟಿ ಮೇಲೆ ಹೋದ್ರೆ ಬಿಸಿಲು ಕೆಳಗಿಂದ ಬರತ್ತೆ! ಅಂದ್ರೆ ಲೋಕ ಪುರಾಣದ್ದು, ಲೆಕ್ಕಾಚಾರ ಇಂಜಿನಿಯರ್ದು. ನಿಮ್ಮ ರಿವ್ಯೂ ನಿಲ್ಲಬೇಕಾದ್ದು ಈ ಬೆಸುಗೆ ಮೇಲೆ. ಕೊನೇಲಿ ಸಿಗೋ ಉತ್ತರ ಅದೇ ಲೆಕ್ಕಾಚಾರದಿಂದ ಬಂತಾ, ಇಲ್ಲಾ ದೇವ್ರು ಬಂದು ಕೈ ಹಿಡಿದ್ನಾ ಅಂತ ನೋಡಿ. (ಉತ್ತರ ಏನು ಅಂತ ನಾನು ಹೇಳಲ್ಲ, ನೀವೂ ರಿವ್ಯೂನಲ್ಲಿ ಹೇಳ್ಬೇಡಿ.)

ಎರಡನೇ ಸಲ ಓದುವಾಗ ಪೆನ್ಸಿಲ್ ಇಟ್ಕೊಳ್ಳಿ, ಒಂದು ಪ್ರಕಾರದಿಂದ ಇನ್ನೊಂದಕ್ಕೆ ಕಥೆ ಜಾರೋ ಸಾಲಿಗೆ ಗೆರೆ ಹಾಕಿ, ಅಲ್ಲಿ ನೀವು ಬೆಚ್ಚಿದ್ರಾ, ನಗು ಬಂತಾ, ಮೋಸ ಅನ್ನಿಸ್ತಾ ಅಂತ ಪಕ್ಕದಲ್ಲೇ ಬರೆದಿಡಿ. ರಿವ್ಯೂಗೆ ನಿಜವಾದ ಸರಕು ಈ ಗೀಚೋದೇ.

ಯಾವ ಪ್ರಕಾರ ಯಾರ ಕೈಕೆಳಗೆ ಕೆಲ್ಸ ಮಾಡ್ತಿದೆ ಅನ್ನೋದೂ ಮುಖ್ಯ. ಬಂಗಾಳದ ಲೇಖಕಿ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ ಕಥೆ 1905ರಲ್ಲಿ ಮದ್ರಾಸಿನ ಪತ್ರಿಕೇಲಿ ಬಂದಿದ್ದು. ಅದ್ರಲ್ಲಿ ಹೆಂಗಸ್ರು ಸೂರ್ಯನ ಶಾಖ ಹಿಡಿದು ಶತ್ರು ಸೈನ್ಯ ಓಡಿಸ್ತಾರೆ, ಗಂಡಸ್ರು ಪರದೆ ಹಿಂದೆ ಅಡುಗೆ ಮಾಡ್ಕೊಂಡಿರ್ತಾರೆ. ಶಾಖದ ಯಂತ್ರ ಹೇಗೆ ನಡೆಯತ್ತೆ ಅಂತ ಕೆದಕ್ತಾ ಕೂತ್ರೆ ವ್ಯಂಗ್ಯ ಕೈತಪ್ಪಿ ಹೋಗತ್ತೆ, ಅಲ್ಲಿ ಸೈನ್ಸು ವ್ಯಂಗ್ಯಕ್ಕೆ ಸಂಬಳಕ್ಕಿರೋ ಆಳು ಅಷ್ಟೇ.

ಕಥಾಸಾರ ಎರಡು ಮೂರು ವಾಕ್ಯ ಸಾಕು. ನೆಬ್ಯುಲಾದವ್ರ ಲೆಕ್ಕದಲ್ಲಿ ಸಣ್ಣಕಥೆ ಅಂದ್ರೆ 7,500 ಪದದೊಳಗೆ, ಅಷ್ಟು ಚಿಕ್ಕದನ್ನ ನೀವು ಒಂದು ಪುಟ ಹೇಳಿದ್ರೆ ಓದೋಕೆ ಏನ್ ಉಳಿಯತ್ತೆ ಹೇಳಿ. ‘ಚೆನ್ನಾಗಿ ಬ್ಲೆಂಡ್ ಆಗಿದೆ’ ಅಂತ ಬರೆದು ಕೈತೊಳ್ಕೊಳ್ಬೇಡಿ, ಎಲ್ಲಿ ಬ್ಲೆಂಡ್ ಆಗಿದೆ ಅಂತ ಒಂದು ದೃಶ್ಯ ತೋರಿಸಿ. ಲೇಬಲ್ ಬೇಕೇಬೇಕು ಅಂದ್ರೆ ಕಟ್ಟಕಡೇಗೆ ಅಂಟಿಸಿ, ತಪ್ಪಾದ್ರೂ ಯಾರಿಗೂ ನಷ್ಟ ಇಲ್ಲ.