ಅಕ್ಟೋಬರ್–ನವೆಂಬರ್‌ನಲ್ಲಿ ಲಾಲ್‌ಬಾಗ್‌ಗೆ ಹೋಗುವವರಿಗೆ

ಫಲಪುಷ್ಪ ಪ್ರದರ್ಶನ ನಡೆಯುವುದು ಜನವರಿ ಮತ್ತು ಆಗಸ್ಟ್‌ನಲ್ಲಿ. ಹಾಗಾಗಿ ಈ ತಿಂಗಳುಗಳಲ್ಲಿ ಗಾಜಿನ ಮನೆಯೊಳಗೆ ಹೂವಿನ ಅಲಂಕಾರ ಹುಡುಕಬೇಡಿ. ನೋಡಬೇಕಾದದ್ದೆಲ್ಲ ಮರಗಳ ಮೇಲೆ, ಮರಗಳ ಕೆಳಗೆ ಇರುತ್ತದೆ.

ಮೊದಲ ಆಯ್ಕೆ ಆಕಾಶಮಲ್ಲಿಗೆ. ಇದು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುತ್ತದೆ. ಎಂಟು ಗಂಟೆಯೊಳಗೆ ಹೋದರೆ ನೆಲದ ಹೂ ಇನ್ನೂ ತಾಜಾ, ಪರಿಮಳವೂ ಚೆನ್ನಾಗಿರುತ್ತದೆ. ತಡವಾದರೆ ಕಸಗುಡಿಸಿ ಆಗಿರುತ್ತದೆ, ಇಲ್ಲವೇ ಕಾಲ್ತುಳಿತಕ್ಕೆ ಕಂದಿರುತ್ತದೆ. ಬಿಳಿ ಹೂವಿನ ಕೊಳವೆ ಬೆರಳುದ್ದ ಇರುವುದರಿಂದ ದಾರವಿಲ್ಲದೆ ಜಡೆಯಂತೆ ಹೆಣೆಯಬಹುದು, ಮಕ್ಕಳಿಗೆ ಖಂಡಿತ ತೋರಿಸಿ. ಬಿದ್ದದ್ದನ್ನಷ್ಟೇ ಆರಿಸಿ, ಕೊಂಬೆ ಎಳೆಯಬೇಡಿ.

ಗುಲಾಬಿ ಟಬೂಬಿಯಾ ನೋಡಲು ಅವಸರ ಬೇಡ. ಮಳೆ ನಿಂತು ಒಣಹವೆ ಬಂದ ಮೇಲೆಯೇ ಎಲೆ ಉದುರಿ ಹೂ ತುಂಬುವುದು, ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ. ಹಿಂಗಾರು ಎಳೆದಾಡಿದ ವರ್ಷ ಇನ್ನೂ ತಡ. ಹೂಗೊಂಚಲು ಹೆಚ್ಚು ದಿನ ನಿಲ್ಲುವುದಿಲ್ಲ, ಜೋರು ಮಳೆ ಬಿದ್ದರೆ ಒಂದೇ ರಾತ್ರಿಯಲ್ಲಿ ನೆಲ ಸೇರುತ್ತದೆ. ಹಾಗಾಗಿ ಮರ ತುಂಬಿದ್ದು ಕಂಡರೆ ವಾರಾಂತ್ಯಕ್ಕೆ ಕಾಯದೆ ಹೋಗಿಬನ್ನಿ.

ಕೆಂಪೇಗೌಡ ಗೋಪುರವಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮಳೆ ಬಂದ ಮರುದಿನ ನೀರು ಹರಿದ ಕಪ್ಪು ಪಟ್ಟಿಗಳಲ್ಲಿ ಪಾಚಿ ಜಾರುತ್ತದೆ. ಹಿಡಿತವಿರುವ ಶೂ ಹಾಕಿ, ಒಣಗಿದ ಬಿಳಿಚು ಭಾಗದ ಮೇಲೆ ಕಾಲಿಡಿ. ಹಿರಿಯರು ಕೆಳಗಿನಿಂದಲೇ ನೋಡಲಿ.

ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಬರುತ್ತದೆ. ಗಾಳಿಮಳೆಯಲ್ಲಿ ಹಳೆಯ ಮರಗಳ ಕೆಳಗೆ ನಿಲ್ಲಬೇಡಿ, ಕೊಂಬೆ ಮುರಿದು ಬೀಳುತ್ತದೆ. ಮೆಟ್ರೋದಲ್ಲಿ ಬರುವವರು ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ.